ನೀರು ಕುದಿದರೂ ಎಚ್ಚರವಾಗದ ಫ್ಯಾನ್ ಸ್ವಿಚ್ಚಿನವರಿಗೆ

ಮಾನ್ಯರೇ,

ಇಟಲಿಯ ಮೊದೆನಾ ಸೀಮೆಯ ಸಮಸ್ತ ನಾಗರಿಕರಿಗೂ, ನಮ್ಮ ಗುಡ್ಡದ ಸಮಸ್ತ ದ್ರಾಕ್ಷಿ ಬಳ್ಳಿಗಳಿಗೂ, ಅತ್ತ ಬೊಲೊನ್ಯಾದಲ್ಲಿ ನೆಲೆಸಿರುವ ನಮ್ಮ ಬೀಗರಿಗೂ ಈ ಮೂಲಕ ಸಾರಿ ಹೇಳುವುದೇನೆಂದರೆ, ನನ್ನ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರಿನ ರೇಡಿಯೇಟರಿನ ಕೆಳಮೂಲೆಯಲ್ಲಿ, ಅಕ್ರೋಟಿನ ಗಾತ್ರದ ಹಿತ್ತಾಳೆಯ ತಾವು ಅಧಿಕಾರ ವಹಿಸಿಕೊಂಡಿದ್ದೀರಿ. ತಮಗೆ ಅಭಿನಂದನೆಗಳು. ಹಾರ ಹಾಕೋಣವೆಂದರೆ ಅಲ್ಲಿ ಕೈ ತೂರುವುದಿಲ್ಲ.

ತಮಗೆ ವಹಿಸಿದ ಕೆಲಸ ಒಂದೇ ಒಂದು ಎಂಬುದನ್ನು ವಿನಯದಿಂದ ನೆನಪಿಸುತ್ತೇನೆ: ನೀರು ಬಿಸಿಯೇರಿದಾಗ ಎದ್ದು ಫ್ಯಾನನ್ನು ಎಬ್ಬಿಸುವುದು, ತಣ್ಣಗಾದಾಗ ಅದನ್ನು ಮಲಗಿಸಿ ತಾವೂ ಮಲಗುವುದು. ಕಾರು ಓಡುವಾಗ ಎದುರುಗಾಳಿಯೇ ತಮ್ಮ ಕೆಲಸ ಮಾಡಿಕೊಡುತ್ತದೆ. ನಿಂತಾಗ, ತೆವಳುವಾಗ ಮಾತ್ರ ತಮ್ಮ ಅಗತ್ಯ. ಇಷ್ಟು ಹಗುರವಾದ ಹುದ್ದೆ ನಮ್ಮ ಪುರಸಭೆಯ ಸಾಂಸ್ಕೃತಿಕ ಸಮಿತಿಯವರನ್ನು ಬಿಟ್ಟರೆ ಬೇರಾರಿಗೂ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ತಮ್ಮ ಹಿಂದಿನ ಅಧಿಕಾರಿಗಳು ಹೇಳದೆ ಕೇಳದೆ ಕಣ್ಣು ಮುಚ್ಚಿದ್ದು ಚೌಕದ ನಟ್ಟನಡುವೆ, ಬೀಗರ ಕಣ್ಣೆದುರಿಗೆ. ಮುಂದಿನ ಶನಿವಾರ ನನ್ನ ಮಗಳು ಮಿಲೆನಾಳ ಮದುವೆ. ಮದುಮಗಳನ್ನು ಚರ್ಚಿನ ಬಾಗಿಲಿಗೆ ತಂದಿಳಿಸುವುದು ತಂದೆಯ ಹಕ್ಕು. ಆ ದಾರಿಯನ್ನು ಬೀಗರಿಗೆ ತೋರಿಸುತ್ತಾ, ಅವರ ಹೆಜ್ಜೆಗೆ ಸರಿಯಾಗಿ ಕಾರನ್ನು ತೆವಳಿಸಿಕೊಂಡು ಹೊರಟಿದ್ದೆ. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದದ್ದೇ ತಡ, ವರನ ತಂದೆ ಉಬಾಲ್ದೊ ಅವರು ಟೊಪ್ಪಿ ತೆಗೆದು, "ನಮ್ಮ ಬೊಲೊನ್ಯಾದಲ್ಲಿ ಸಾರನ್ನ ಒಲೆ ಮೇಲೆ ಕಾಯಿಸ್ತೀವಿ ಬೀಗ್ರೇ, ನಿಮ್ಮ ಕಡೆ ಗಾಡಿ ಒಳಗೇ ಕಾಯಿಸ್ತೀರಾ?" ಎಂದರು. ಸ್ಪೋರ್ಟ್ಸ್ ಕಾರುಗಳ ತವರಾದ ಮೊದೆನಾದವನಿಗೆ ಬೊಲೊನ್ಯಾದವನು ಕಾರಿನ ಬಗ್ಗೆ ಬುದ್ಧಿ ಹೇಳುವುದೆಂದರೆ ಏನೆಂದು ಹಿತ್ತಾಳೆಗೆ ಹೇಗೆ ವಿವರಿಸಲಿ? ಮಿಲೆನಾ ಮಾತ್ರ ನಗಲಿಲ್ಲ. "ಅಪ್ಪಾ, ಶನಿವಾರಾನೂ ಹೀಗಾದ್ರೆ ನಾನು ಅವರ ಗಾಡೀಲೇ ಬರ್ತೀನಿ, ಈಗ್ಲೇ ಹೇಳಿದೀನಿ" ಎಂದಳು.

ಆದ್ದರಿಂದ ತಮ್ಮ ನೇಮಕವಾಯಿತು. ಬಿಡಿಭಾಗ ಮಾರುವ ನೆರಿಯೊ, ಆಗಸ್ಟ್ ರಜೆಗೆ ಸಮುದ್ರಕ್ಕೆ ಹೊರಡುವ ಅವಸರದಲ್ಲಿ ಅರ್ಧ ಇಳಿಸಿದ್ದ ಶಟರಿನ ಕೆಳಗಿಂದಲೇ ತಮ್ಮನ್ನು ನನ್ನ ಕೈಗಿಟ್ಟ. ಇದು ನನ್ನ ಕಾರಿನದೇ ಹೌದೇ ಎಂದು ಕೇಳಿದ್ದಕ್ಕೆ, "ತಿರುಪಿನ ಥ್ರೆಡ್ ಕೂತ್ರೆ ಸಂಸಾರ ಕೂತಂಗೆ ಮಾರಾಯ, ಇನ್ನೇನು ಬೇಕು?" ಎಂದ. ಜೊತೆಗೆ ಉಚಿತ ಸಲಹೆ: "ನೀರೆಲ್ಲಾ ಇಳಿಸ್ತಾ ಕೂರಬೇಡ. ಹಳೇದನ್ನ ಬಿಚ್ಚು, ತೂತಿಗೆ ಹೆಬ್ಬೆಟ್ಟು ಒತ್ತು, ಹೊಸದನ್ನ ತಟ್ಟಂತ ತಿರುಗಿಸು." ಕಾರಿನಡಿ ಅಂಗಾತ ಮಲಗಿ ಹಾಗೆಯೇ ಮಾಡಿದೆ. ಹೆಬ್ಬೆಟ್ಟಿಗೂ ತಟ್ಟಂತ ಎನ್ನುವುದಕ್ಕೂ ನಡುವೆ ಇರುವ ಅಲ್ಪಾವಕಾಶದಲ್ಲಿ ರೇಡಿಯೇಟರಿನ ಹಸಿರು ನೀರು ನನ್ನ ತೋಳಿನೊಳಗೆ ಹೊಕ್ಕು, ಕಂಕುಳು ದಾಟಿ, ಸೊಂಟದ ಬೆಲ್ಟಿನ ಬಳಿ ವಿಶ್ರಮಿಸಿತು. ಚೆಲ್ಲಿದಷ್ಟನ್ನೂ ಮತ್ತೆ ತುಂಬಿದೆ, ಪೈಪುಗಳಲ್ಲಿ ಸಿಕ್ಕ ಗಾಳಿ ಬಿಡಿಸಿದೆ, ಎಂಜಿನ್ ಚಾಲೂ ಮಾಡಿ ಕಾರನ್ನು ನಿಂತಲ್ಲೇ ಬಿಟ್ಟೆ. ಮುಳ್ಳು ಕೆಂಪಿಗೆ ಹೋಯಿತು, ಹಬೆ ಎದ್ದಿತು; ತಾವು ಮಾತ್ರ ಏಳಲಿಲ್ಲ. ಆಹಾ, ಎಂಥ ಸ್ಥಿತಪ್ರಜ್ಞತೆ!

ತಮ್ಮ ಯೋಗ್ಯತಾ ಪರೀಕ್ಷೆ ನಡೆದದ್ದು ಭಾನುವಾರ, ನಮ್ಮ ಅತ್ತೆ ಆರ್ಜಿಯಾ ಅವರ ಅಡುಗೆಮನೆಯಲ್ಲಿ. ಆಗಸ್ಟಿನ ಬಿಸಿಲಲ್ಲೂ ಅವರ ಒಲೆಯ ಮೇಲೆ ಕೋಳಿಸಾರು ಇರಲೇಬೇಕು. ಅದು ಕಾಯಬೇಕು, ಮೇಲ್ಮೈ ನಡುಗಬೇಕು, ಆದರೆ ಎಂದಿಗೂ ಕುದಿಯಬಾರದು. ಕುದಿದರೆ ಕದಡಿಹೋಗುತ್ತದೆ, ಮನೆತನದ ಮಾನವೂ ಜೊತೆಗೇ. ಆ ನಡುಕದ ಬಿಸಿಯಲ್ಲೇ ತಾವು ಏಳಬೇಕಾದದ್ದು. ತಮ್ಮನ್ನು ಕಾರಿನಿಂದ ಮತ್ತೆ ಬಿಚ್ಚಿ ತಂದು, ಜ್ಯಾಮಿನ ಬಾಟಲಿಯಲ್ಲಿ ನೀರು ತುಂಬಿ ಅದರಲ್ಲಿ ಮುಳುಗಿಸಿ, ಬ್ಯಾಟರಿ ಮತ್ತು ಪುಟ್ಟ ಬಲ್ಬಿಗೆ ತಂತಿ ಜೋಡಿಸಿ, ಬಾಟಲಿಯನ್ನು ಸಾರಿನೊಳಗೆ ಕೂರಿಸಿದೆ. ಬಲ್ಬು ಹತ್ತಲಿಲ್ಲ. ಅತ್ತೆಯವರು ಪೂಜೆಗೆಂದು ಚರ್ಚಿಗೆ ಹೊರಡುತ್ತಾ, "ಅಳಿಯಂದ್ರೇ, ಉರಿ ಮುಟ್ಟಿದ್ರೆ ಕೈ ಮುರೀತೀನಿ" ಎಂದು ಆಶೀರ್ವದಿಸಿದರು. ಅವರು ತಿರುವು ದಾಟಿದೊಡನೆ ಉರಿ ಏರಿಸಿದೆ. ಸಾರು ತಳದಿಂದ ಕೊತಕೊತ ಕುದಿದು ಉಕ್ಕಿದ ಮೇಲೆ ಬಲ್ಬು ಹತ್ತಿತು! ತಾವು ಸತ್ತಿರಲಿಲ್ಲ, ಬೇರಾವುದೋ ಕಾರಿಗೆಂದು ಹುಟ್ಟಿದ, ತಡವಾಗಿ ಏಳುವ ವಂಶದವರು, ಅಷ್ಟೇ. ತಾವು ಕುಳಿತ ತಳಕ್ಕೆ ಆ ಬಿಸಿ ಇಳಿಯುವಷ್ಟರಲ್ಲಿ ರೇಡಿಯೇಟರಿನ ಮೇಲ್ಭಾಗದ ನೀರು ಕುದಿದು ಮುಗಿದಿರುತ್ತದೆ.

ಅಂದು ಊಟಕ್ಕೆ ಬೀಗರನ್ನು ಕರೆದಿದ್ದೆವು. ಬಟ್ಟಲಲ್ಲಿ ತೊರ್ತೆಲ್ಲೀನಿ ಕಡುಬುಗಳು ಪಾತ್ರೆ ತೊಳೆದ ನೀರಿನಂಥ ಸಾರಿನಲ್ಲಿ ತೇಲುತ್ತಿದ್ದವು. ಅತ್ತೆಯವರು ನನ್ನನ್ನು ನೋಡಿದರು. ಆ ನೋಟದಲ್ಲಿ ಬೀಳ್ಕೊಡುಗೆ ಇತ್ತು. ಉಬಾಲ್ದೊ ಅವರು ಒಂದು ಚಮಚ ಸವಿದು, ಉಪ್ಪನ್ನೂ ಕೇಳದೆ, ನಿಧಾನವಾಗಿ ಚಮಚ ಕೆಳಗಿಟ್ಟರು. ಬೊಲೊನ್ಯಾದವರ ಮಾತಿಗಿಂತ ಮೌನ ಅಪಾಯಕಾರಿ ಎಂದು ಅಂದು ಕಲಿತೆ. ಕಾಫಿಯ ಹೊತ್ತಿಗೆ ಅವರೇ, "ಅಷ್ಟಕ್ಕೆಲ್ಲಾ ಯಾಕೆ ಬೀಗ್ರೇ? ಸ್ವಿಚ್ಚೇ ಬೇಡ, ಅದರ ಎರಡು ತಂತಿ ಸೇರಿಸಿ ಕಟ್ಟಿಬಿಡಿ, ಫ್ಯಾನು ತನ್ನ ಪಾಡಿಗೆ ತಿರುಗ್ತಾ ಇರುತ್ತೆ" ಎಂದರು. ಸಲಹೆ ಸರಿಯಾಗಿಯೇ ಇತ್ತು. ಬಂದ ಊರು ತಪ್ಪಾಗಿತ್ತು. ಆದ್ದರಿಂದ ಆ ದಾರಿ ಜನ್ಮಾಂತರಕ್ಕೂ ಮುಚ್ಚಿತು ಎಂಬುದನ್ನು ತಮಗೆ ಹೇಳಬೇಕಾಗಿಲ್ಲ.

ಮಿಲೆನಾ ಇದೆಲ್ಲ ನೋಡಿ, ನನ್ನ ಕಡೆ ತಿರುಗಿ, "ನಿನ್ನ ಗಾಡೀಲೇ ಬರ್ತೀನಪ್ಪ. ಆದ್ರೆ ಹಬೆ ಬಂತೋ, ನಾನು ಇಳಿದು ನಡೀತೀನಿ, ನೀನು ತಳ್ಕೊಂಡು ಹಿಂದೆ ಬಾ" ಎಂದಳು. ಇದಕ್ಕಿಂತ ದೊಡ್ಡ ಕರುಣೆಯನ್ನು ಈ ಮನೆಯಲ್ಲಿ ನಾನು ಕಂಡಿಲ್ಲ.

ನೆರಿಯೊ ಸಮುದ್ರದಲ್ಲಿದ್ದಾನೆ, ಬದಲಿ ಸ್ವಿಚ್ಚು ಸಿಗುವ ಹಾಗಿಲ್ಲ. ಆದಕಾರಣ ತಮ್ಮಲ್ಲಿ ಬೇಡಿಕೊಳ್ಳುವುದು: ಶನಿವಾರ ಒಂದು ದಿನದ ಮಟ್ಟಿಗೆ ತಮ್ಮ ತತ್ತ್ವ ಸಡಿಲಿಸಿ ಸ್ವಲ್ಪ ಬೇಗ ಏಳಿ. ಆಗದಿದ್ದರೆ ನೀರಿಗೇ ತಡವಾಗಿ ಕುದಿಯಲು ಆದೇಶ ಹೊರಡಿಸಿ. ಅದೂ ಆಗದಿದ್ದರೆ ಆಗಸ್ಟನ್ನೇ ಜನವರಿಗೆ ವರ್ಗಾಯಿಸಿ. ಹಿಮ ಬೀಳುವಾಗ ತಮ್ಮಷ್ಟು ದಕ್ಷ ಅಧಿಕಾರಿ ಇನ್ನೊಬ್ಬರಿಲ್ಲ.

ತಮ್ಮ ವಿಶ್ವಾಸಿ, ಸದ್ಯ ಅಡುಗೆಮನೆಗೆ ಪ್ರವೇಶವಿಲ್ಲದ,
ಒರೆಸ್ತೆ ಗಾವಿಯೊಲಿ

ತಾ.ಕ.: ಹಿತ್ತಾಳೆಗೆ ಕಿವಿಯಿಲ್ಲವೆಂಬ ಅನುಮಾನದಿಂದ ಈ ಸಾಲು ಊರಿನವರಿಗೆ. ಮದುಮಗಳ ದಾರಿಗೆ ಅಡ್ಡಲಾಗಿ ರಿಬ್ಬನ್ ಕಟ್ಟಿ, ಕಾರು ನಿಲ್ಲಿಸಿ, ಮಿಠಾಯಿ ವಸೂಲಿ ಮಾಡಿ ಬಿಡುವುದು ತಮ್ಮ ಪ್ರೀತಿಯ ಪದ್ಧತಿ ಎಂದು ಬಲ್ಲೆ. ಈ ಸಲ ದಯವಿಟ್ಟು ರಿಬ್ಬನ್ನನ್ನು ಚರ್ಚಿನ ಮೆಟ್ಟಿಲಿಗೇ ಕಟ್ಟಿ. ದಾರಿಯಲ್ಲೇ ಕಟ್ಟಲೇಬೇಕೆಂದರೆ ಗಂಟು ಸಡಿಲವಾಗಿರಲಿ. ನಾನು ನಿಲ್ಲಿಸುವುದಿಲ್ಲ, ಮಿಠಾಯಿಯನ್ನು ಕಿಟಕಿಯಿಂದ ಎಸೆಯುತ್ತೇನೆ, ಹಿಡಿದುಕೊಳ್ಳಿ.