ಏಕಾದಶಿಗೆ ಹಾಕಿದ ಹುಕ್ಕು

ಇವತ್ತು ಮಾಡಿದ್ದು ಇಷ್ಟು: ಒಣಗಿದ ಬಟ್ಟೆ ಒಳಗೆ ತಂದೆ, ಗಾಂಧಿಬಜಾರಿಗೆ ಹೋಗಿ ತುಳಸಿ, ಕೊತ್ತಂಬರಿ ತಂದೆ, ಮಿಕ್ಸಿಯ ಬ್ಲೇಡಿಗೆ ಸುತ್ತಿಕೊಂಡಿದ್ದ ಹುಣಸೆ ನಾರು ಬಿಡಿಸಿದೆ, ಕಂಪ್ಯೂಟರಿಗೆ ಸುಳ್ಳು ಹೇಳುವುದನ್ನು ಕಲಿಸಿದೆ. ಹುಣಸೆ ನಾರೇ ಹೆಚ್ಚು ಹೊತ್ತು ಹಿಡಿಯುತ್ತದೆ ಅಂದುಕೊಂಡಿದ್ದೆ.

ಹಳೇ ಸಿ ಪ್ರೋಗ್ರಾಂಗಳನ್ನು ರಿಪೇರಿ ಮಾಡಿ ಸಂಬಳ ತರುವವಳು ನಾನು. ಆದರೆ ಇದು ಮನೆಯ ರಿಪೇರಿ. ತೀರಿಹೋದ ಮಾವನವರು ಯಾರಿಂದಲೋ ಸಿ ಭಾಷೆಯಲ್ಲಿ ಬರೆಸಿದ ಪಂಚಾಂಗದ ಪ್ರೋಗ್ರಾಂ ನಡುಮನೆಯ ಕಂಪ್ಯೂಟರಿನಲ್ಲಿದೆ. ತಿದ್ದೋಣವೆಂದರೆ ಅದರ ಮೂಲ ಬರಹ ಎಲ್ಲೂ ಸಿಕ್ಕಿಲ್ಲ, ಓಡುವ ಫೈಲಷ್ಟೇ ಉಳಿದಿದೆ. ಅದು ದಪ್ಪಕ್ಷರದಲ್ಲಿ ಆ ದಿನದ ತಿಥಿ ತೋರಿಸುತ್ತದೆ, ರಾತ್ರಿ ಹನ್ನೆರಡಕ್ಕೇ ದಿನ ಬದಲಿಸಿಬಿಡುತ್ತದೆ. ಎಪ್ಪತ್ತೆಂಟರ ಅತ್ತೆ ಬೆಳಗಿನ ನಾಲ್ಕಕ್ಕೆ ಎದ್ದು ಹಾಲಿನ ಜೊತೆ ಬಿಪಿ ಮಾತ್ರೆ ನುಂಗುವವರು. ಪರದೆಯ ಮೇಲೆ ಏಕಾದಶಿ ಕಂಡರೆ ಹಾಲೂ ಇಲ್ಲ, ಮಾತ್ರೆಯೂ ಇಲ್ಲ. ಹೋದ ಸಲ ತುಳಸಿಕಟ್ಟೆಯ ಮುಂದೆ ತಲೆ ಸುತ್ತಿ ಕೂತುಬಿಟ್ಟರು. "ಸೂರ್ಯೋದಯದ ತನಕ ದಶಮಿನೇ ಅಲ್ವಾ ಅಮ್ಮ?" ಅಂದೆ. "ನಂಗೊತ್ತಿಲ್ವಾ? ಆದ್ರೆ ನಿಮ್ಮ ಮಾವ ಇಟ್ಟಿದ್ದು ಏಕಾದಶಿ ಅಂತ ತೋರಿಸ್ತಿರೋವಾಗ ನಾನು ಹೆಂಗಮ್ಮ ಲೋಟ ಎತ್ತಲಿ?" ಅಂದರು. ನಾಳೆ ಮತ್ತೆ ಏಕಾದಶಿ.

ಆ ಪ್ರೋಗ್ರಾಂ ಹೊತ್ತೆಷ್ಟೆಂದು ಸಿಸ್ಟಮ್ಮಿನ ಲೈಬ್ರರಿಯಲ್ಲಿರುವ, ಅಂದರೆ ಎಲ್ಲ ಪ್ರೋಗ್ರಾಂಗಳೂ ಎರವಲು ಪಡೆಯುವ ಸಿದ್ಧ ತುಣುಕುಗಳ ಕಟ್ಟಿನಲ್ಲಿರುವ, 'ಟೈಮ್' ಎಂಬ ಫಂಕ್ಷನ್ನನ್ನು ಕೇಳುತ್ತದೆ. ಅದೇ ಹೆಸರಿನ ಫಂಕ್ಷನ್ ಇರುವ ಪುಟ್ಟ ಲೈಬ್ರರಿಯೊಂದನ್ನು ಬರೆದು ಅದರ ಮುಂದೆ ಕೂರಿಸಿದೆ. ಇದಕ್ಕೆ ಹುಕ್ ಹಾಕುವುದು ಅನ್ನುತ್ತೇವೆ. ಪ್ರಶ್ನೆ ಮೊದಲು ನನ್ನದಕ್ಕೆ ಬರಬೇಕು, ಅದು ಅಸಲಿಯನ್ನು ಕೇಳಿ, ಸಿಕ್ಕ ಹೊತ್ತಿನಲ್ಲಿ ಆರು ಗಂಟೆ ಕಡಿಮೆ ಮಾಡಿ ಉತ್ತರಿಸಬೇಕು; ಆಗ ಪ್ರೋಗ್ರಾಮಿಗೆ ಹನ್ನೆರಡಾಗುವುದು ನಮ್ಮ ಬೆಳಗಿನ ಆರಕ್ಕೆ. ಓಡಿಸಿದ ಕೂಡಲೇ ಪ್ರೋಗ್ರಾಂ ಸತ್ತಿತು. ಎಲ್ಲಿ ಸತ್ತಿತೆಂದು, ತಪ್ಪು ಹುಡುಕುವ ಡಿಬಗರಿನಲ್ಲಿ ನೋಡಿದರೆ ಪರದೆಯ ತುಂಬ ಸಾಲುಸಾಲಾಗಿ ಒಂದೇ ಹೆಸರು, ಟೈಮ್, ಟೈಮ್, ಟೈಮ್. ಅತ್ತೆ ಕನ್ನಡಕ ಏರಿಸಿದರು. "ರಾಮಕೋಟಿ ಬರೀತಿದೀಯೇನೇ?" ಸೋಫಾದಿಂದ ನಮ್ಮವರು, "ರಾಮ ಎಲ್ಲಮ್ಮಾ, ಅವಳು ಆಫೀಸ್ ದೇವ್ರನ್ನ ಕರೀತಿದಾಳೆ" ಎಂದರು.

ಮಧ್ಯಾಹ್ನವೆಲ್ಲ ಹುಡುಕಿದೆ. ಹಾಲಿನವನು ಬಂದ ಹೊತ್ತನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಹೆಂಗಸು ನಾನು. ಆ ಚಟದಲ್ಲಿ, ಪ್ರಶ್ನೆ ಬಂದದ್ದು ಎಷ್ಟು ಹೊತ್ತಿಗೆ ಎಂದು ಬರೆದಿಡುವ ಒಂದು ಸಾಲನ್ನೂ ಹುಕ್ಕಿನೊಳಗೆ ಸೇರಿಸಿದ್ದೆ. ಹೊತ್ತು ತಿಳಿಯಲು ಆ ಸಾಲು 'ಟೈಮ್' ಅನ್ನು ಕೇಳಿತು. 'ಟೈಮ್' ಅಂದರೆ ಈಗ ನನ್ನ ಹುಕ್ಕೇ. ಅದು ಈ ಪ್ರಶ್ನೆಯನ್ನೂ ಬರೆದಿಡಲು ಹೋಗಿ ಮತ್ತೆ ತನ್ನನ್ನೇ ಕೇಳಿಕೊಂಡಿತು, ಉಸಿರು ಕಟ್ಟುವ ತನಕ. ಸಾಲು ಅಳಿಸಿದೆ. ಕಂಪ್ಯೂಟರಿನ ಗಡಿಯಾರವನ್ನು ನಾಳೆ ಬೆಳಗಿನ ನಾಲ್ಕಕ್ಕೆ ತಿರುಗಿಸಿ ನೋಡಿದೆ, ದಶಮಿ. ಆರಕ್ಕೆ ತಿರುಗಿಸಿದೆ, ಏಕಾದಶಿ.

ಹಿಂದೆಯೇ ನಿಂತು ಎಲ್ಲ ನೋಡಿದ ಅತ್ತೆ, "ಅದೇ ಒಪ್ಕೊಂಡ್ಮೇಲೆ ಇನ್ನೇನು. ನಾಲ್ಕಕ್ಕೆ ಹಾಲು ಬಿಸಿ ಮಾಡಿಕೊಟ್ಬಿಡು, ತಣ್ಣಗಿದ್ರೆ ನಂಗಾಗಲ್ಲ" ಎಂದರು. ತಿಂಗಳಿಗೆ ಎರಡೇ ದಿನ, ಏಕಾದಶಿಯಂದು, ನಾನು ಆರರ ತನಕ ಮಲಗುತ್ತಿದ್ದದ್ದು. ಅದನ್ನೂ ನಾನೇ ಕೂತು ಸರಿಪಡಿಸಿದ್ದೆ. ರಾತ್ರಿ ಮೊಸರವಲಕ್ಕಿ, ನಿಂಬೆ ಉಪ್ಪಿನಕಾಯಿ. ಎಂಟೂವರೆಗೆ, ಎಲ್ಲರಿಗಿಂತ ಮೊದಲು, ನಾನು ಮಲಗಿದೆ.