ಖಾರದ ಖಾನೆ

ನಿವೃತ್ತನಾದ ಗಂಡಸಿಗೆ ಸಂಜೆ ನಾಲ್ಕರ ಚಹಾ ಬೇಕಾದರೆ ಅರ್ಜಿ ಹಾಕಬೇಕು. ಹಾಕಿದ ಮೇಲೆ ಕಾಯಬೇಕು. ಕಾಯುವಾಗ ಮುಖ ಗಂಟು ಹಾಕಬಾರದು, ಹಾಕಿದರೆ ಅರ್ಜಿ ವಜಾ. ಜಮಖಂಡಿಯ ಹೈಸ್ಕೂಲಿನಲ್ಲಿ ತಲೆಗೂದಲು ಬೆಳ್ಳಗಾಗುವವರೆಗೆ ಡ್ರಾಯಿಂಗ್ ಕಲಿಸಿದ ಗಿರಮಲ್ಲಪ್ಪ ಮಾಸ್ತರನೆಂಬ ನಾನು, ನನ್ನದೇ ಮನೆಯ ಅಡುಗೆಮನೆ ಹೊಸ್ತಿಲ ಹೊರಗೆ ನಿಂತು "ಚಾ ಆಗತೈತೇನು?" ಎಂದು ಕೇಳಬೇಕಾದ ಕಾಲ ಬಂತು. ಒಳಗಿನಿಂದ ಬರುವ ಉತ್ತರ ಒಂದೇ. "ಆದರ ಕಾಣತೈತಿ."

ನೀನೇ ಮಾಡಿಕೊಂಡು ಕುಡಿಯಬಾರದೇ ಎಂದು ನೀವು ಕೇಳುತ್ತೀರಿ. ಮಾಡಿಕೊಂಡಿದ್ದೆ. ನನ್ನ ಹೆಂಡತಿ ಸಾವಿತ್ರೆವ್ವನ ರಾಜ್ಯದಲ್ಲಿ ಡಬ್ಬಿಯ ಮೇಲಿನ ಹೆಸರಿಗೂ ಒಳಗಿನ ಮಾಲಿಗೂ ಹುಟ್ಟಾ ವೈರ. ಬಿಸ್ಕೀಟಿನ ಡಬ್ಬಿಯಲ್ಲಿ ಸಾಸಿವೆ, ಹಾಲಿನ ಪುಡಿಯ ಡಬ್ಬಿಯಲ್ಲಿ ಜೀರಿಗೆ, ಚಹಾಪುಡಿಯ ಡಬ್ಬಿಯಲ್ಲಿ ಗುರೆಳ್ಳು ಚಟ್ನಿಪುಡಿ. ಅದರ ಬಣ್ಣವೂ ಕಪ್ಪು, ನನ್ನ ಕಣ್ಣೂ ಮಂದ. ಆ ದಿನ ನಾನು ಕುದಿಸಿದ ಚಹಾದ ಮೇಲೆ ಬೆಳ್ಳುಳ್ಳಿ ತೇಲಿತು. ಇನ್ನು ಸಕ್ಕರೆ ಎಲ್ಲಿದೆ ಎಂಬುದಂತೂ ರಾಜ್ಯರಹಸ್ಯ. ನನಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ ದಿನವೇ ಸಕ್ಕರೆ ಡಬ್ಬಿ ಭೂಗತವಾಗಿತ್ತು.

"ಅದೆಲ್ಲೈತಿ, ಇದೆಲ್ಲೈತಿ ಅಂತ ನನ್ನ ತಲಿ ತಿನಬ್ಯಾಡ್ರಿ. ಈ ಹೊಸ್ತಲಾ ದಾಟಿ ಒಳಗ ಬರಬ್ಯಾಡ್ರಿ. ಆತಿಲ್ಲೋ?" ಎಂದು ಆಕೆ ಗುರೆಳ್ಳು ಚಹಾವನ್ನು ಬಚ್ಚಲಿಗೆ ಚೆಲ್ಲುತ್ತ ಆಜ್ಞೆ ಹೊರಡಿಸಿದಳು.

ನನಗೆ ಬೇರೇನೂ ಬೇಕಿರಲಿಲ್ಲ. ಯಾರನ್ನೂ ಕೇಳದೆ, ಯಾರ ಮುಖವನ್ನೂ ನೋಡದೆ, ನನ್ನ ಚಹಾ ನಾನು ಮಾಡಿಕೊಂಡು ಕುಡಿಯುವ ಸ್ವಾತಂತ್ರ್ಯ ಬೇಕಿತ್ತು, ಅಷ್ಟೇ. ದೇಶಕ್ಕೇ ಸಿಕ್ಕಿದ ಮೇಲೆ ನನಗೂ ಸಿಗಬಾರದೇ?

ದಾರಿ ತೋರಿಸಿದ್ದು ಮೊಬೈಲು. ಅದರಲ್ಲಿ ಯಾವನೋ ಗಡ್ಡದವನು ಅಡುಗೆಮನೆಯ ಡ್ರಾವರ ಎಳೆದ. ಒಳಗೆ ಕಟ್ಟಿಗೆಯ ಖಾನೆಗಳು. ಒಂದೊಂದರಲ್ಲಿ ಒಂದೊಂದು ಮಸಾಲೆ, ಒಂದೊಂದಕ್ಕೆ ಒಂದೊಂದು ಚೀಟಿ. ಅವನ ಹೆಂಡತಿ ಪಕ್ಕದಲ್ಲಿ ನಿಂತು ನಗುತ್ತಿದ್ದಳು. (ನಗುವ ಹೆಂಡತಿಯನ್ನು ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು.) ನಮ್ಮ ಅಡುಗೆಮನೆಗೂ ಹೋದ ವರ್ಷ ಗ್ರಾನೈಟ್ ಕಟ್ಟೆ ಹಾಕಿಸಿ ಕೆಳಗೆ ಡ್ರಾವರ ಮಾಡಿಸಿದ್ದೆವು. ಅದರಲ್ಲಿ ಸಾವಿತ್ರೆವ್ವ ಹಳೆ ಪ್ಲಾಸ್ಟಿಕ್ ಚೀಲಗಳನ್ನು ಸಾಕಿದ್ದಳು.

ಅವಕಾಶ ತಾನಾಗಿ ಒದಗಿತು. ಮಹಾಲಿಂಗಪುರದಲ್ಲಿರುವ ಅವಳ ಅಕ್ಕ ಸಿದ್ದಕ್ಕನ ಮನೆಯಲ್ಲಿ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಸಾವಿತ್ರೆವ್ವ ಹೋದಳು. ಹೋಗುವಾಗ ರೊಟ್ಟಿ ಬುಟ್ಟಿ ಪಡಸಾಲೆಯಲ್ಲೇ ಇಟ್ಟಳು, ನಾನು ಒಳಗೆ ಹೋಗುವ ಕಾರಣವೇ ಬರದಿರಲಿ ಎಂದು.

ಬಸ್ಸು ಹೊರಟಿತೋ ಇಲ್ಲವೋ, ನಾನು ಡ್ರಾಯಿಂಗ್ ಬೋರ್ಡು ಹೊರಗೆ ತೆಗೆದೆ. ಮೇಲಿನಿಂದ ಕಂಡಂತೆ, ಪಕ್ಕದಿಂದ ಕಂಡಂತೆ, ಸೀಳಿ ನೋಡಿದಂತೆ ನಕ್ಷೆ ಬರೆದೆ. ಹಲಗೆಗೇನೂ ಬರವಿರಲಿಲ್ಲ. ಬನಹಟ್ಟಿಯ ಗೆಳೆಯ ಸಾಬಣ್ಣ ಹಳೆ ಕೈಮಗ್ಗ ಬಿಚ್ಚಿದಾಗ ಕೊಟ್ಟದ್ದು ಅಟ್ಟದ ಮೇಲೆ ಬಿದ್ದಿತ್ತು. ಕೊಯ್ದೆ, ಉಜ್ಜಿದೆ, ಮೊಳೆ ಹೊಡೆದೆ. ಎರಡು ಮೊಳೆ ಹಲಗೆಗೆ, ಒಂದು ಹೆಬ್ಬೆರಳಿಗೆ. ಆದರೂ ಮೂಲೆ ಮೂಲೆಗೆ ಮೂಲೆಮಟ್ಟ ಹಿಡಿದರೆ ಕೂದಲೆಳೆ ವ್ಯತ್ಯಾಸವಿಲ್ಲ. ನನ್ನ ಕೈ ಇನ್ನೂ ಸತ್ತಿಲ್ಲ ಎಂದು ಹೆಮ್ಮೆಪಟ್ಟೆ.

ಆಗ ಒಂದು ದೂರಾಲೋಚನೆ ಬಂತು. ಹಳೆ ಕಟ್ಟಿಗೆ, ಹುಳ ಹಿಡಿದರೆ? ನಮ್ಮವ್ವ ಜೋಳದ ಚೀಲಕ್ಕೆ ಬೇವಿನೆಲೆ ಹಾಕಿಡುತ್ತಿದ್ದಳು, ಒಂದು ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಎಲೆಯೇ ಅಷ್ಟು ಮಾಡಿದರೆ ಎಣ್ಣೆ ಎಷ್ಟು ಮಾಡೀತು! ಗೊಬ್ಬರದಂಗಡಿಗೆ ಹೋಗಿ ಬೆಳೆಗೆ ಹೊಡೆಯುವ ಬೇವಿನೆಣ್ಣೆ ತಂದು ಹಲಗೆ ಕುಡಿದಷ್ಟೂ ಕುಡಿಸಿದೆ. ವಾಸನೆ ಬಂತು, ಸುಳ್ಳು ಹೇಳುವುದಿಲ್ಲ. ಬಿಸಿಲಿಗಿಟ್ಟು ಪಕ್ಕದಲ್ಲೇ ಕಾವಲು ಕೂತೆ. ಸಂಜೆಯ ಹೊತ್ತಿಗೆ ನನ್ನ ಮೂಗಿಗೆ ರೂಢಿಯಾಯಿತು. ಅದನ್ನೇ ನಾನು ವಾಸನೆ ಹೋಯಿತು ಎಂದು ತಿಳಿದೆ.

ಆಮೇಲೆ ಗೃಹಪ್ರವೇಶ. ಪ್ಲಾಸ್ಟಿಕ್ ಚೀಲಗಳನ್ನು ಹೊರಹಾಕಿ ಖಾನೆಗಳ ಚೌಕಟ್ಟನ್ನು ಡ್ರಾವರಿನೊಳಗೆ ಕೂರಿಸಿದೆ. ಸಾಸಿವೆ, ಜೀರಿಗೆ, ಅರಿಷಿಣ, ಯಾಲಕ್ಕಿ, ಚಹಾಪುಡಿ ತಂತಮ್ಮ ಖಾನೆ ಸೇರಿದವು. ಹುಡುಕಿ ಹುಡುಕಿ ಕಡಲೆಬೇಳೆಯ ಡಬ್ಬಿಯ ತಳದಲ್ಲಿ ಸಕ್ಕರೆಯನ್ನೂ ಪತ್ತೆ ಹಚ್ಚಿ ಅದಕ್ಕೂ ಒಂದು ಖಾನೆ ಕೊಟ್ಟೆ. ಎಲ್ಲಕ್ಕಿಂತ ದೊಡ್ಡ ಖಾನೆ ಮಾತ್ರ ಖಾಲಿ ಉಳಿಯಿತು. ಅದು ಮಸಾಲಿ ಖಾರಕ್ಕೆಂದೇ ಅಳತೆ ಹಾಕಿದ್ದು.

ನಮ್ಮ ಕಡೆಯ ಮಸಾಲಿ ಖಾರ ಅಂಗಡಿಯಿಂದ ತರುವ ವಸ್ತುವಲ್ಲ. ಬೇಸಿಗೆಯಲ್ಲಿ ಅಕ್ಕತಂಗಿಯರು ಕೂತು ಮೆಣಸಿನಕಾಯಿ ತೊಟ್ಟು ಮುರಿದು, ಉಳ್ಳಾಗಡ್ಡಿ ಒಣಗಿಸಿ, ಕೊಬ್ಬರಿ ಹುರಿದು, ಗಿರಣಿಯ ಮುಂದೆ ಸೀನುತ್ತ ನಿಂತು ಕುಟ್ಟಿಸಿ ತಂದು, ವರ್ಷಕ್ಕಾಗುವಷ್ಟನ್ನು ಭರಣಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿಡುತ್ತಾರೆ. ಆ ಭರಣಿಗೆ ಸಾವಿತ್ರೆವ್ವನ ಕೈ ಬಿಟ್ಟರೆ ಬೇರೆ ಕೈ ತಾಕಿದ್ದಿಲ್ಲ. ಈ ಸಲ ಸಿದ್ದಕ್ಕನ ಪಾಲೂ ಅದರಲ್ಲೇ ಇತ್ತು. ನಾನು ಬಟ್ಟೆ ಬಿಚ್ಚಿ, ಭರಣಿ ಬಗ್ಗಿಸಿ, ಕೊನೆಯ ಚಿಟಿಕೆಯವರೆಗೂ ಖಾನೆಗೆ ಸುರಿದೆ. ಭರಣಿ ತೊಳೆದು ಬೋರಲು ಹಾಕಿದೆ. ಪ್ರತಿ ಖಾನೆಗೂ ಮುತ್ತಿನಂಥ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದೆ.

ಮೊದಲ ಚಹಾ ಅವಳ ಕಣ್ಣೆದುರೇ ಆಗಲಿ ಎಂದು ತಡೆದುಕೊಂಡು ಕೂತೆ. ಎರಡು ದಿನ ಬಿಟ್ಟು ಸಾವಿತ್ರೆವ್ವ ಬಂದಳು. ಜೊತೆಗೆ ತನ್ನ ಪಾಲಿನ ಖಾರ ಒಯ್ಯಲು ಖಾಲಿ ಡಬ್ಬಿ ಹಿಡಿದು ಸಿದ್ದಕ್ಕ.

"ಏನ್ರಿ ಇದು, ಮನಿತುಂಬ ಬೇವಿನ ವಾಸನಿ?" ಬಾಗಿಲಲ್ಲೇ ಸಾವಿತ್ರೆವ್ವನ ಮೂಗು ಅರಳಿತು.

"ಹೊರಗಿಂದ ಬರತಿರಬೇಕು. ಕುಂದರ್ರಿ ಸಿದ್ದಕ್ಕಾರ. ಇವತ್ತ ನನ್ನ ಕೈಯಾನ ಚಾ."

"ಚಾಪುಡಿದೋ, ಗುರೆಳ್ಳಿಂದೋ?" ಎಂದಳು ಹೆಂಡತಿ.

ನಾನು ಸೀದಾ ಹೊಸ್ತಿಲು ದಾಟಿದೆ. ಯಾರನ್ನೂ ಏನನ್ನೂ ಕೇಳಲಿಲ್ಲ. ಡ್ರಾವರ ಎಳೆದೆ, ಚೀಟಿ ಓದಿದೆ, ಹಾಕಿದೆ, ಕುದಿಸಿದೆ. ಜೀವನದಲ್ಲಿ ಅಂಥ ಸುಖ ನಾನು ಪೆನ್ಶನ್ ಮಂಜೂರಾದಾಗಲೂ ಪಟ್ಟಿರಲಿಲ್ಲ.

ಸಿದ್ದಕ್ಕ ಒಂದು ಗುಟುಕು ಕುಡಿದು ಚಹಾದ ಬಸಿ ಕೆಳಗಿಟ್ಟಳು. "ಮಾಸ್ತರ್ರ, ಜ್ವರಾ ಯಾರಿಗೆ ಬಂದಾವ್ರಿ?"

"ಯಾರಿಗೂ ಇಲ್ಲಲ್ಲ, ಯಾಕ್ರಿ?"

"ಕಷಾಯ ಮಾಡೀರಲ್ಲ, ಅದಕ್ಕ ಕೇಳಿದೆ."

ಸಾವಿತ್ರೆವ್ವ ತನ್ನ ಬಸಿ ಮುಟ್ಟಲೂ ಇಲ್ಲ. ಎದ್ದು ಒಳಗೆ ನಡೆದಳು. ನಾನು ಹಿಂದೆಯೇ ಓಡಿ, ವಸ್ತುಪ್ರದರ್ಶನಕ್ಕೆ ಮಂತ್ರಿಯನ್ನು ಕರೆತಂದವನಂತೆ ಡ್ರಾವರ ಎಳೆದು ತೋರಿಸಿದೆ. "ನೋಡು! ಇನ್ನ ಎಲ್ಲೈತಿ, ಏನೈತಿ ಅನ್ನೂ ಮಾತ ಇಲ್ಲ!"

ಅವಳ ಕಣ್ಣು ಒಂದೊಂದೇ ಖಾನೆ ದಾಟಿ ಕೊನೆಯದರ ಮೇಲೆ ನಿಂತಿತು. "ಭರಣಿ?"

"ತೊಳದ ಡಬ್ಬ ಹಾಕೇನಿ."

ಆಕೆ ಒಂದು ಚಿಟಿಕೆ ಖಾರ ನಾಲಿಗೆಗೆ ಹಚ್ಚಿಕೊಂಡಳು. ಸಿದ್ದಕ್ಕನೂ ಬಂದು ಹಚ್ಚಿಕೊಂಡಳು. ಇಬ್ಬರ ಕಣ್ಣಲ್ಲೂ ನೀರು ಬಂತು. ಖಾರಕ್ಕಿರಬೇಕು ಎಂದು ಒಂದು ಕ್ಷಣ ಆಸೆಪಟ್ಟೆ.

"ಇದಕ್ಕೇನ ಹಚ್ಚೀರಿ?"

"ಹುಳಾ ಹಿಡೀಬಾರದಂತ... ಬೇವಿನೆಣ್ಣಿ. ನಮ್ಮವ್ವ ಜ್ವಾಳಕ್ಕ ಬೇವಿನೆಲಿ ಹಾಕತಿದ್ದಳಲ್ಲ..."

"ಜ್ವಾಳಾ ಕೇರಿ, ಹಸನ ಮಾಡಿ ಬೀಸತೇವ್ರಿ ಮಾಸ್ತರ್ರ," ಎಂದಳು ಸಿದ್ದಕ್ಕ. "ಖಾರಾ ಹ್ಯಾಂಗ ಕೇರಬೇಕು?"

ಸಿದ್ದಕ್ಕ ಖಾಲಿ ಡಬ್ಬಿಯನ್ನೇ ಬಗಲಲ್ಲಿಟ್ಟುಕೊಂಡು ಸಂಜೆ ಬಸ್ಸಿಗೆ ಹೋದಳು. ಸಾವಿತ್ರೆವ್ವ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅದರಲ್ಲಿ ನನಗೆ ಅನುಭವವಿದೆ. ನಾಲ್ಕಾರು ದಿನ ರೊಟ್ಟಿ ಬಡಿಯುವ ಸಪ್ಪಳ ಬಿಟ್ಟರೆ ಅಡುಗೆಮನೆಯಿಂದ ಬೇರೆ ದನಿ ಬರಲಿಲ್ಲ. ಆ ದಿನಗಳಲ್ಲಿ ನನಗೆ ನಿಜವಾಗಿ ಹೆದರಿಕೆಯಾಯಿತು.

ಒಂದು ಮುಂಜಾನೆ ಆಕೆ ಖಾನೆಗಳ ಚೌಕಟ್ಟನ್ನು ಎತ್ತಿಕೊಂಡು ಹೊರಬಂದಳು. ಬಚ್ಚಲ ಒಲೆಗೆ ಹೊರಟಿತೆಂದು ನಾನು ಕಣ್ಣು ಮುಚ್ಚಿದೆ. ಅದು ಪಡಸಾಲೆಯಲ್ಲಿ ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿತು.

"ಛಲೋ ಮಾಡೀರಿ. ಗಟ್ಟಿ ಐತಿ," ಎಂದಳು.

ಎಷ್ಟೋ ವರ್ಷದ ಮೇಲೆ ಕೇಳಿದ ಹೊಗಳಿಕೆ! ಎದೆ ಉಬ್ಬಿತು. ಅಷ್ಟರಲ್ಲಿ ಸಾಸಿವೆಯ ಖಾನೆಗೆ ನನ್ನ ಕನ್ನಡಕ ಬಂತು. ಜೀರಿಗೆಯ ಖಾನೆಗೆ ಅಡಕೊತ್ತು, ಅರಿಷಿಣದ ಖಾನೆಗೆ ಮೊಬೈಲಿನ ಚಾರ್ಜರು. ಪಕ್ಕದಲ್ಲೊಂದು ಫ್ಲಾಸ್ಕು.

"ಮುಂಜಾನಿ ಚಾ ತುಂಬಿ ಇಡತೇನಿ. ನಾಕ ಗಂಟೆಕ್ಕ ನೀವ ಸುರುವಿಕೊಂಡ ಕುಡೀರಿ. ಯಾರನ್ನೂ ಕೇಳೂದ ಬ್ಯಾಡ. ಇದಕ್ಕಲ್ಲೇನ ಇಷ್ಟೆಲ್ಲಾ ಮಾಡಿದ್ದು?"

ದೊಡ್ಡ ಖಾನೆಯಲ್ಲಿ ಮಾತ್ರ ಖಾರ ಹಾಗೆಯೇ ಇತ್ತು. "ಅದು?" ಎಂದೆ.

"ಚೆಲ್ಲಾಕ ಕೈ ಬರಲಿಲ್ಲ. ನಾನು ನಮ್ಮಕ್ಕ ಬಿಸಲಾಗ ಕುಂತ ಮಾಡಿದ್ದು. ನಿಮ್ಮ ಪಲ್ಯಾಕ ಅದನ್ನ ಹಾಕತೇನಿ. ಮುಂದಿನ ಬ್ಯಾಸಗಿತನಾ ಸಾಲತೈತಿ."

ಆ ಖಾನೆಯ ನನ್ನ ಮುತ್ತಿನಂಥ ಚೀಟಿಯನ್ನು ಕಿತ್ತು, ಹಿಂಬದಿ ಮೇಲಾಗಿ ಅಂಟಿಸಿದ್ದಳು. ಅದರ ಮೇಲೆ ಡೊಂಕು ಅಕ್ಷರದಲ್ಲಿ "ಮಾಸ್ತರದು" ಎಂದಿತ್ತು. ತಿದ್ದಲು ಪೆನ್ಸಿಲು ಎತ್ತಿಕೊಂಡೆ, ಧೈರ್ಯ ಸಾಲದೆ ಇಟ್ಟೆ.

ಆ ದಿನ ನಾಲ್ಕು ಗಂಟೆಗೆ ಫ್ಲಾಸ್ಕಿನ ಚಹಾ ಸುರಿದುಕೊಂಡೆ. ಮುಂಜಾನೆಯಿಂದ ಅಡಗಿ ಕೂತ ಚಹಾ, ಒಗರು ಒಗರು. ಒಳಗೆ ಆಕೆ ತನಗಾಗಿ ಶುಂಠಿ ಜಜ್ಜುತ್ತಿದ್ದಳು. "ಆದರ ಕಾಣತೈತಿ" ಎಂದು ಒಮ್ಮೆ ಅಂದರೂ ಸಾಕೆನಿಸಿತು. ಎದ್ದು ಹೋಗಿ ಹೊಸ್ತಿಲ ಹೊರಗೆ ನಿಂತೆ. ಕೇಳಲು ಬೇರೇನೂ ಹೊಳೆಯಲಿಲ್ಲ.

"ಏನಿಲ್ಲ... ಸಕ್ಕರಿ ಎಲ್ಲೈತಿ?"

ಆಕೆ ತಿರುಗಿಯೂ ನೋಡಲಿಲ್ಲ. "ನಿಮ್ಮ ಖಾನ್ಯಾಗ ನೋಡ್ರಿ. ಹೆಸರ ಬರದೀರಲ್ಲ."

ಬಂದು ನೋಡಿದೆ. "ಸಕ್ಕರೆ" ಎಂದು ನಾನೇ ಬರೆದು ಅಂಟಿಸಿದ್ದ ಖಾನೆಯಲ್ಲಿ ನನ್ನ ಸಕ್ಕರೆ ಕಾಯಿಲೆಯ ಗುಳಿಗೆಗಳಿದ್ದವು.