ಉಪ್ಪು, ಇದ್ದಿಲು, ನಾದಿನಿ

ಕಲ್ಲುಪ್ಪು ಕಾಣೆಯಾಗುವುದಕ್ಕೂ ಕಟ್ಟಿಕೊಂಡ ಗಂಡ ಕೈತಪ್ಪುವುದಕ್ಕೂ ನೇರ ಸಂಬಂಧವಿದೆ ಎಂಬುದನ್ನು ರವೀಂದ್ರನಗರದಲ್ಲಿ ಮೊಟ್ಟಮೊದಲು ಕಂಡುಹಿಡಿದವಳು ಶಾಂಭವಿ. ಉಪ್ಪಿನಕಾಯಿಗೆಂದು ತಂದಿಟ್ಟಿದ್ದ ಇಡೀ ಚೀಲ ಅಡುಗೆಮನೆಯ ಮೂಲೆಯಿಂದ ಮಾಯವಾಗಿತ್ತು. ಇಲಿಗಳು ಉಪ್ಪು ತಿನ್ನುವುದಿಲ್ಲ. ಇನ್ನು ಕಳ್ಳ ಬಂದಿದ್ದ ಎನ್ನೋಣವೆಂದರೆ, ಪಕ್ಕದಲ್ಲೇ ಇದ್ದ ಗೋಡಂಬಿ ಡಬ್ಬಿಯನ್ನು ಬಿಟ್ಟು ಉಪ್ಪಿನ ಮೂಟೆ ಹೊತ್ತುಕೊಂಡು ಹೋಗುವಷ್ಟು ವೈರಾಗ್ಯ ಯಾವ ಕಳ್ಳನಿಗೂ ಇರುವುದಿಲ್ಲ. ಮಗಳು ಹಾಸ್ಟೆಲ್ಲಿನಲ್ಲಿದ್ದಳು. ಮನೆಯಲ್ಲಿ ಉಳಿದ ಪ್ರಾಣಿ ಒಂದೇ: ಪತಿ ಪ್ರಸನ್ನಕುಮಾರ್.

"ರೀ, ಕಲ್ಲುಪ್ಪಿನ ಚೀಲ ಎಲ್ಲಿ?"

"ಯಾವ ಉಪ್ಪು?"

ನಿರಪರಾಧಿಯಾದವನು "ಎಲ್ಲಿಟ್ಟಿದ್ದೆ?" ಎಂದು ಕೇಳುತ್ತಾನೆ. "ಯಾವ ಉಪ್ಪು?" ಎಂದು ಕೇಳುವವನು ಅಪರಾಧಿ. ಉಪ್ಪಿನಲ್ಲಿ ಅಷ್ಟೊಂದು ಜಾತಿಗಳಿವೆಯೇ?

ಪ್ರಸನ್ನಕುಮಾರ್ ಶಂಕರಘಟ್ಟದ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ದಿನವಿಡೀ ಕಡತಗಳ ಮೇಲೆ 'ಪರಿಶೀಲಿಸಿ ಮಂಡಿಸುವುದು' ಎಂದು ಬರೆಯುವ ಮನುಷ್ಯ. ಮನೆಗೆ ಬಂದರೆ ತನ್ನ ಬದುಕನ್ನೇ ಹೆಂಡತಿಯ ಮುಂದೆ ಮಂಡಿಸಿ, ಮಂಜೂರಾತಿಗಾಗಿ ಕಾಯುತ್ತಿದ್ದ. ಯಾವ ಅಂಗಿ, ಯಾವ ಪಲ್ಯ, ಯಾವ ಮದುವೆಗೆ ಹೋಗುವುದು, ಯಾವುದಕ್ಕೆ ಜ್ವರ ಬರಿಸಿಕೊಳ್ಳುವುದು, ಎಲ್ಲಕ್ಕೂ ಶಾಂಭವಿಯದೇ ಅಂತಿಮ ಆದೇಶ. ಒಮ್ಮೆ ಮಾತ್ರ ಅವನು ಆದೇಶವಿಲ್ಲದೆ ಮನೆಯ ಫ್ರಿಜ್ಜಿಗೆ ಡಬ್ಬಿಯ ಬಣ್ಣ ಹೊಡೆದಿದ್ದ. ಅಂದಿನಿಂದ ಆ ಫ್ರಿಜ್ಜಿಗೆ ತೊನ್ನು ಬಂದಂತಾಗಿ, ನೆಂಟರು ಬಂದಾಗಲೆಲ್ಲ ಅದಕ್ಕೊಂದು ಕರ್ಟನ್ ಹಾಕಬೇಕಾಗಿತ್ತು. 'ಇನ್ನು ಮುಂದೆ ಮನೆಯ ಯಾವ ಸಾಮಾನಿಗೂ ಕುಂಚವಾಗಲಿ ಸ್ಕ್ರೂಡ್ರೈವರ್ ಆಗಲಿ ತಾಗಿಸುವುದಿಲ್ಲ' ಎಂದು ಶಾಂಭವಿ ಅವನಿಂದ ಆಣೆ ಮಾಡಿಸಿಕೊಂಡಿದ್ದಳು. ರಾಜ್ಯ ಸುಭಿಕ್ಷವಾಗಿತ್ತು.

ಈಗ ಆ ರಾಜ್ಯದ ಗಡಿಯಲ್ಲಿ ಹೊಗೆ ಕಾಣತೊಡಗಿತು. ಗಂಡ ಸಂಜೆ ತಡವಾಗಿ ಬರುತ್ತಾನೆ. ಕೇಳಿದರೆ ಭದ್ರಾವತಿಗೆ ಹೋಗಿದ್ದೆ ಎನ್ನುತ್ತಾನೆ. ಭದ್ರಾವತಿಯಲ್ಲಿ ಇರುವುದು ಅವನ ತಂಗಿ ಉಮಾಮಹೇಶ್ವರಿ. ಗಂಡನ ಉಗುರಿನ ಸಂದಿಯಲ್ಲಿ ಕುಂಕುಮದಂಥ ಕೆಂಪು ಪುಡಿ. ಕೇಳಿದರೆ "ಆಫೀಸಲ್ಲಿ ಪೂಜೆ ಇತ್ತು" ಎನ್ನುತ್ತಾನೆ. (ಸರ್ಕಾರಿ ಕಚೇರಿಯಲ್ಲಿ ಮಂಗಳವಾರ, ಬುಧವಾರ, ಗುರುವಾರ ಬಿಡದೆ ಪೂಜೆ!) ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರ್ ಡಬ್ಬಿ ಕಾಣೆಯಾಗಿತ್ತು. ಕೇಳಿದರೆ "ರಿಪೇರಿಗೆ ಕೊಟ್ಟಿದ್ದೀನಿ" ಎನ್ನುತ್ತಾನೆ. ಹಿತ್ತಲಿನ ಶೆಡ್ಡಿಗೆ ಹೊಸ ಬೀಗ ಬಿದ್ದಿತ್ತು. ಕೇಳಿದರೆ "ಹಾವು ಬರುತ್ತೆ" ಎನ್ನುತ್ತಾನೆ. ಹಾವಿಗೆ ಚಿಲಕ ಸಾಲದು, ಏಳು ಲಿವರಿನ ಬೀಗವೇ ಬೇಕು ಎಂಬುದನ್ನು ಶಾಂಭವಿ ಅದೇ ಮೊದಲ ಸಲ ಕೇಳಿದ್ದು.

ಇದೆಲ್ಲದರ ಮೇಲೆ, ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಫೋನಿನಲ್ಲಿ ಪಿಸುಗುಟ್ಟುತ್ತಿದ್ದುದೂ ಅವಳ ಕಿವಿಗೆ ಬಿತ್ತು. "ಉಮಾ, ನಿಮ್ಮ ಅತ್ತಿಗೆಗೆ ಮಾತ್ರ ಗೊತ್ತಾಗಬಾರದು ಕಣೇ."

ಶಾಂಭವಿಗೂ ಉಮಾಮಹೇಶ್ವರಿಗೂ ಬಹಿರಂಗವಾಗಿ ಯಾವ ಜಗಳವೂ ಇರಲಿಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಿದ್ದರು, ತೆಗೆದುಕೊಳ್ಳುತ್ತಿದ್ದರು, ಕೊಟ್ಟದ್ದನ್ನು ಇಬ್ಬರೂ ಉಡುತ್ತಿರಲಿಲ್ಲ. ಉಮಾಮಹೇಶ್ವರಿಯ ಗಂಡ ಭದ್ರಾವತಿಯಲ್ಲಿ ಕಬ್ಬಿಣದ ಬೀರು, ಮಂಚ ಮಾಡಿಸುವ ಒಂದು ಸಣ್ಣ ಕಾರ್ಖಾನೆ ಇಟ್ಟಿದ್ದ. ಅದನ್ನು ನಡೆಸುತ್ತಿದ್ದವಳು ಮಾತ್ರ ಅವಳೇ. ಇದಿಷ್ಟೇ ಶಾಂಭವಿಯ ದೃಷ್ಟಿಯಲ್ಲಿ ಅವಳ ಮೇಲಿನ ಗುರುತರ ಆರೋಪ. ಗಂಡನನ್ನೂ ಕಬ್ಬಿಣವನ್ನೂ ಬಗ್ಗಿಸಿದವಳಿಗೆ ಅಣ್ಣ ಯಾವ ಲೆಕ್ಕ?

ಹೀಗೆ ಅನುಮಾನ ಹದವಾಗಿ ಕುದಿಯುತ್ತಿರುವಾಗ, ಪಕ್ಕದ ಮನೆಯ ಬಂಗಾರಮ್ಮ ಕಾಂಪೌಂಡಿನ ಆಚೆಯಿಂದ ಒಗ್ಗರಣೆ ಹಾಕಿದರು.

"ಶಾಂಭವಿ, ಒಂದ್ ಮಾತು. ನಾನ್ ಹೇಳ್ದೆ ಅಂತ ಯಾರ ಹತ್ರನೂ ಹೇಳ್ಬೇಡ ಮಾರಾಯ್ತಿ."

(ಬಂಗಾರಮ್ಮ ಹೀಗೆ ಆರಂಭಿಸಿದರೆ, ಇಡೀ ಬೀದಿಗೆ ಆಗಲೇ ಹೇಳಿ ಮುಗಿಸಿದ್ದಾರೆ ಎಂದು ತಿಳಿಯಬೇಕು.)

"ಏನಾಯ್ತು ಹೇಳಿ."

"ನಿನ್ನೆ ನೀನಿಲ್ದಾಗ ನಿಮ್ಮನೆಯೋರು ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಗುಂಡಿ ತೋಡ್ತಿದ್ರು. ನಾನೇನೂ ನೋಡ್ಬೇಕು ಅಂತ ನೋಡಿದ್ದಲ್ಲಪ್ಪ. ಸ್ಟೂಲ್ ಹಾಕ್ಕೊಂಡು ಕರಿಬೇವು ಕೀಳ್ತಿದ್ದೆ, ಕಾಣ್ತು."

"ತೆಂಗಿನ ಸಸಿ ಇಡೋಕಿರಬೇಕು."

"ತೆಂಗಿನ ಸಸಿಗೆ ಉಪ್ಪು ಹಾಕ್ತಾರೆ, ಒಪ್ದೆ. ಇದ್ದಿಲು ಹಾಕ್ತಾರಾ? ಒಂದ್ ಪದರ ಉಪ್ಪು, ಒಂದ್ ಪದರ ಇದ್ದಿಲು. ನಡುವೆ ತಾಮ್ರದ ಕಂಬಿ ನೆಟ್ಟು, ಅದಕ್ಕೊಂದು ತಂತಿ ಸುತ್ತಿ, ಆ ತಂತೀನ ಶೆಡ್ಡಿನ ಕಿಟಕಿ ಒಳಗೆ ಬಿಟ್ಟಿದಾರೆ. ಆಮೇಲೆ ನೀರು ಹಾಕಿ ಕೈ ಮುಗಿದ್ರು."

"ಕೈ ಮುಗಿದ್ರಾ?"

"ಮುಗಿದ್ರೋ, ಮಣ್ಣು ಕೊಡವಿಕೊಂಡ್ರೋ. ನಂಗಂತೂ ಮುಗಿದ ಹಾಗೇ ಕಾಣ್ತು." ಬಂಗಾರಮ್ಮ ದನಿ ತಗ್ಗಿಸಿದರು. "ಕೆಂಪು ಪುಡಿ ಏನಾದ್ರೂ ಕಣ್ಣಿಗೆ ಬಿತ್ತಾ?"

ಶಾಂಭವಿಯ ಕೈಯಲ್ಲಿದ್ದ ಬಕೆಟ್ ತಾನಾಗಿಯೇ ಕೆಳಗಿಳಿಯಿತು.

"ಹಂಗಾದ್ರೆ ಮಾಟಾನೇ. ನಿನ್ನ ನಾದಿನಿ ಹುಷಾರು ಮಾರಾಯ್ತಿ. ನಿನ್ನ ಮನೇಲೇ, ನಿನ್ನ ಉಪ್ಪಲ್ಲೇ, ನಿನ್ನ ಗಂಡನ ಕೈಲೇ ಮಾಡಿಸ್ತಿದಾಳೆ."

ಲಿಂಗ ಕಟ್ಟಿಕೊಂಡವರಿಗೆ ಮಾಟ ಮಂತ್ರ ತಟ್ಟುವುದಿಲ್ಲ, ಅದನ್ನು ನಂಬುವುದೇ ಅಜ್ಞಾನ ಎಂದು ಶಾಂಭವಿ ಅಕ್ಕನ ಬಳಗದಲ್ಲಿ ಕಾರ್ಯದರ್ಶಿಯಾಗಿ ಭಾಷಣ ಮಾಡಿ ಶಾಲು ಹೊದ್ದಿದ್ದವಳು. ಆದರೆ ಅದು ಮಾಟ ಊರವರ ಹಿತ್ತಲಿನಲ್ಲಿದ್ದಾಗಿನ ಮಾತು. ಅಲ್ಲದೆ ತನ್ನ ಕೊರಳಲ್ಲೇನೋ ಲಿಂಗವಿದೆ. ಗಂಡನದು ಸ್ನಾನಕ್ಕೆ ಹೋಗುವಾಗ ಮೊಳೆಗೆ ನೇತುಹಾಕಿದ್ದು ಬಸವ ಜಯಂತಿಗಷ್ಟೇ ಕೆಳಗಿಳಿಯುತ್ತದೆ. ಮಾಟಕ್ಕೆ ಸಂದು ಸಿಕ್ಕಿದ್ದೇ ಅಲ್ಲಿ! ಹಾಗಾದರೆ ಇಷ್ಟು ವರ್ಷ ತಾನು ಬೆವರು ಸುರಿಸಿ ಪಳಗಿಸಿದ ಗಂಡ, ಒಂದು ಬೆಳಗ್ಗೆ ಎದ್ದು, "ಉಮಾನ್ನ ಕೇಳಿ ಹೇಳ್ತೀನಿ" ಎಂದುಬಿಟ್ಟರೆ? ಶಾಂಭವಿ ತುಪ್ಪದ ಡಬ್ಬಿಯನ್ನು ಬೇಕಾದರೆ ಬಿಟ್ಟುಕೊಟ್ಟಾಳು, ಗಂಡನ ಮೇಲಿನ ಅಧಿಕಾರವನ್ನಲ್ಲ.

ಮರುದಿನವೇ ಮಠಕ್ಕೆ ಹೋಗಿ ತಂಬಿಗೆಯಲ್ಲಿ ಪಾದೋದಕ ತಂದಳು. ಭಾನುವಾರ ಬೆಳಗ್ಗೆ ಪ್ರಸನ್ನಕುಮಾರ್ ಸ್ನಾನಕ್ಕೆ ಇಳಿದದ್ದೇ ತಡ, ಸೆರಗು ಸಿಕ್ಕಿಸಿಕೊಂಡು ಹಿತ್ತಲಿಗೆ ನುಗ್ಗಿದಳು. ತರಕಾರಿ ಕತ್ತರಿಯಿಂದ ತಾಮ್ರದ ತಂತಿಯನ್ನು ಕತ್ತರಿಸಿದಳು. ಕಂಬಿಯನ್ನು ಕಿತ್ತು ಕಸದ ಬುಟ್ಟಿಯ ಹಿಂದೆ ಎಸೆದಳು. ಗುಂಡಿಯ ಮೇಲೆ ವಿಭೂತಿ ಉದುರಿಸಿ, ನಾಲ್ಕು ಹನಿ ಪಾದೋದಕ ಬಿಟ್ಟಳು. ಶೆಡ್ಡಿನ ಕಡೆ ಉಳಿದ ತಂತಿಯ ತುದಿಯನ್ನು ಬರಿಗೈಲಿ ಮುಟ್ಟಬಾರದೆಂದು ಬಂಗಾರಮ್ಮ ಎಚ್ಚರಿಸಿದ್ದರಿಂದ, ಅದಕ್ಕೊಂದು ಹಾಲಿನ ಪ್ಲಾಸ್ಟಿಕ್ ಕವರ್ ತೊಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ಕಿಟಕಿಯ ಕೆಳಗಿನ ಕರಿಬೇವಿನ ಗಿಡದ ಮರೆಯಲ್ಲಿ ನೇತುಬಿಟ್ಟಳು. ಹಾವಿನ ಬಾಯಿ ಹೊಲಿದಷ್ಟು ಸಮಾಧಾನವಾಯಿತು.

ಶಾಂಭವಿಗೆ ಗೊತ್ತಿಲ್ಲದ್ದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಮಳೆಗಾಲದ ತೇವಕ್ಕೆ ಕಂಪ್ಯೂಟರಿನ ತಗಡಿನ ಡಬ್ಬಿ ತುಕ್ಕು ಹಿಡಿದಿತ್ತು. ಒಳಗಿನ ಸಾಮಾನನ್ನೆಲ್ಲ ತೆಗೆದು, ಬರಿಯ ತಗಡುಗಳನ್ನು ಉಜ್ಜಿ, ಮನೆಯಲ್ಲೇ ಪೌಡರ್ ಕೋಟಿಂಗ್ ಮಾಡುವ ಆಸೆ ಪ್ರಸನ್ನಕುಮಾರನಿಗೆ ಹುಟ್ಟಿತ್ತು. ಬಣ್ಣ ಹೌದು, ಆದರೆ ಕುಂಚವಿಲ್ಲ, ನೀರಿಲ್ಲ, ಒಣ ಪುಡಿ. ತಂಗಿಯ ಕಾರ್ಖಾನೆಯಲ್ಲಿ ಬೀರುಗಳಿಗೆ ಹೊಡೆದು ಉಳಿದ ಸಿಂಧೂರ ಬಣ್ಣದ ಪುಡಿ, ಅಲ್ಲಿಯದೇ ಒಂದು ಹಳೆಯ ಪುಡಿ ಬಂದೂಕು, ಅಡುಗೆಗೆ ಬೇಡವಾದ ಓವನ್ ಎಲ್ಲವೂ ಕಳ್ಳತನದಲ್ಲಿ ಶೆಡ್ಡು ಸೇರಿದ್ದವು. ಬಂದೂಕು ಪುಡಿಗೆ ವಿದ್ಯುತ್ತಿನ ಆವೇಶ ತುಂಬಿ ಉಗುಳುತ್ತದೆ. ತಗಡಿಗೆ ಭೂಮಿಯ ಸಂಪರ್ಕವಿದ್ದರೆ ಪುಡಿ ಅದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಆಮೇಲೆ ಓವನ್ನಿನಲ್ಲಿ ಬೇಯಿಸಿದರೆ ಕರಗಿ ಗಟ್ಟಿ ಚರ್ಮವಾಗುತ್ತದೆ. ಉಪ್ಪು, ಇದ್ದಿಲಿನ ಗುಂಡಿ ಆ ಭೂಮಿಯ ಸಂಪರ್ಕಕ್ಕಾಗಿ. ಕರೆಂಟಿನವರು 'ಅರ್ಥಿಂಗ್' ಎನ್ನುತ್ತಾರಲ್ಲ, ಅದು. ಆಣೆಯಲ್ಲಿ ಕುಂಚದ ಮಾತಿತ್ತೇ ಹೊರತು ಬಂದೂಕಿನ ಮಾತಿರಲಿಲ್ಲ ಎಂಬುದು ಸೂಪರಿಂಟೆಂಡೆಂಟ್ ಕಂಡುಕೊಂಡ ನಿಯಮದ ಸಂದು. (ಡಬ್ಬಿ ಬಿಚ್ಚಲು ಬೇಕಾದ ಸ್ಕ್ರೂಡ್ರೈವರನ್ನು ತಂಗಿಯ ಕೈಗೆ ಕೊಟ್ಟು ಆ ಪಾಪದಿಂದಲೂ ಪಾರಾಗಿದ್ದ.)

ಮಧ್ಯಾಹ್ನ ಶಾಂಭವಿ ಕೆನೆ ಬಣ್ಣದ ಮೈಸೂರು ಸಿಲ್ಕ್ ಉಟ್ಟು, "ಅಕ್ಕನ ಬಳಗದ ಮೀಟಿಂಗಿದೆ, ಬರೋದು ಸಂಜೆ" ಎಂದು ಆಟೋ ಹತ್ತಿದಳು. ತಿರುವಿನವರೆಗೆ ಹೋಗಿ, ಅಲ್ಲಿ ಒಂದು ಗಂಟೆ ಕಾದು, ಅದೇ ಆಟೋದಲ್ಲಿ ವಾಪಸಾದಳು. ಗೇಟಿನ ಬಳಿ ಅಪರಿಚಿತವಲ್ಲದ ಒಂದು ಜೊತೆ ಚಪ್ಪಲಿ. ಉಮಾಮಹೇಶ್ವರಿ ಆಗಲೇ ಒಳಗೆ!

ಯುದ್ಧಕ್ಕೆ ಮುನ್ನ ಶುಚಿಯಾಗಬೇಕೆಂದು ಒಗೆಯುವ ಕಲ್ಲಿನ ಬಳಿ ಚಪ್ಪಲಿ ಬಿಟ್ಟು ಕಾಲು ತೊಳೆದಳು. ಒದ್ದೆ ಬರಿಗಾಲಿನಲ್ಲಿ, ಎಡಗೈಯಲ್ಲಿ ಪಾದೋದಕದ ತಂಬಿಗೆ ಹಿಡಿದು, ಶೆಡ್ಡಿನ ಬಾಗಿಲಿಗೆ ಕಿವಿಗೊಟ್ಟಳು.

"ಕೂರ್ತಾನೇ ಇಲ್ವಲ್ಲೇ ಉಮಾ! ಎಷ್ಟು ಬಿಟ್ರೂ ಉದುರಿ ಹೋಗ್ತಿದೆ."

"ಏನೋ ಅಡ್ಡಿಯಾಗಿದೆ ಅಣ್ಣ. ನಮ್ಮಲ್ಲಿ ಹಿಂಗೆ ಯಾವತ್ತೂ ಆಗಿಲ್ಲ."

ಶಾಂಭವಿಯ ಎದೆ ಹಿಗ್ಗಿತು. ಪಾದೋದಕ ಕೆಲಸ ಮಾಡಿದೆ! ಪ್ರಯೋಗ ಫಲಿಸುತ್ತಿಲ್ಲ! ಬಲಗೈಯಿಂದ ಕಬ್ಬಿಣದ ಬಾಗಿಲನ್ನು ಎಳೆದು ತೆರೆದು, ಹೊಸ್ತಿಲ ಮೇಲೆ ರಣಚಂಡಿಯಂತೆ ನಿಂತು ಗರ್ಜಿಸಿದಳು: "ನಿಲ್ಸಿ ನಿಮ್ಮ ಮಾಟಾನಾ!"

ಒಳಗೆ ಮುಖಕ್ಕೆ ಗವಸು, ಕಣ್ಣಿಗೆ ದಪ್ಪ ಕನ್ನಡಕ, ಕಾಲಿಗೆ ರಬ್ಬರ್ ಬೂಟು ಹಾಕಿಕೊಂಡು ಹಲಗೆಯ ಮೇಲೆ ನಿಂತಿದ್ದ ಪ್ರಸನ್ನಕುಮಾರ್ ಬೆಚ್ಚಿ ತಿರುಗಿದ. ಕೈಯಲ್ಲಿದ್ದ ಬಂದೂಕೂ ತಿರುಗಿತು. ಹೆಂಡತಿಯನ್ನು ಕಂಡ ಗಾಬರಿಗೆ ಬೆರಳು ಸಡಿಲವಾಗುವ ಬದಲು ಇನ್ನಷ್ಟು ಬಿಗಿಯಿತು. ಭೂಮಿ ಸಿಗದೆ ಅಲೆದಾಡುತ್ತಿದ್ದ ಸಿಂಧೂರದ ಪುಡಿಗೆ, ಒದ್ದೆ ಕಾಲನ್ನು ನೆಲಕ್ಕೂರಿ, ಕಬ್ಬಿಣದ ಬಾಗಿಲು ಹಿಡಿದು ನಿಂತ ಒಬ್ಬ ಮಹಾತಾಯಿ ಕಂಡಳು. ಹೋಗಿ ಅಪ್ಪಿಕೊಂಡಿತು. ಮುಂದಿನಿಂದ ಬಂದದ್ದು ಬಳಸಿಕೊಂಡು ಬೆನ್ನಿಗೂ ಹತ್ತಿತು. ಸೀರೆ, ಜಡೆ, ಮೂಗುತಿ, ತಂಬಿಗೆ, ಹುಬ್ಬಿನ ಒಂದೊಂದು ಕೂದಲೂ ಕೆಂಪಾದವು.

ಬಂದೂಕು ನಿಂತಿತು. ಎಲ್ಲರೂ ನಿಂತರು.

"ಅಬ್ಬಾ," ಎಂದ ಪ್ರಸನ್ನಕುಮಾರ್ ಕನ್ನಡಕ ಮೇಲೇರಿಸಿ. ಅವನ ದನಿಯಲ್ಲಿ ಹೆದರಿಕೆಯಿರಬೇಕಾದ ಕಡೆ ಭಕ್ತಿ ಇತ್ತು. "ನೋಡೇ ಉಮಾ, ಎಷ್ಟು ಸಮವಾಗಿ ಕೂತಿದೆ!"

ಉಮಾಮಹೇಶ್ವರಿ ಸುತ್ತು ಬಂದು ಪರೀಕ್ಷಿಸಿದಳು. "ಒಂದ್ ಕಡೆನೂ ತೆಳುವಾಗಿಲ್ಲ ಅಣ್ಣ. ಕಿವಿ ಹಿಂದೆ ಕೂಡ ಹಿಡಿದಿದೆ. ನಮ್ಮ ಬೀರುಗಳಿಗೂ ಇಂಥ ಫಿನಿಶ್ ಬಂದಿಲ್ಲ."

"ಥೂ ನಿಮ್ಮ..." ಎಂದು ಶಾಂಭವಿ ಶುರು ಮಾಡಿದಳು.

"ಅತ್ತಿಗೆ, ಬಾಯಿ ಮುಚ್ಚಿ!" ಎಂದು ಉಮಾಮಹೇಶ್ವರಿ ಚೀರಿದಳು. "ಪುಡಿ ಗಂಟಲಿಗೆ ಇಳಿಯುತ್ತೆ! ಕಣ್ಣೂ ಮುಚ್ಕೊಳ್ಳಿ. ನೀರು ಮುಟ್ಟಬೇಡಿ, ಬಿಸಿನೀರಂತೂ ಬೇಡವೇ ಬೇಡ. ಬ್ಲೋವರ್ ತರ್ತೀನಿ, ಗಾಳಿ ಬಿಟ್ರೆ ಎಲ್ಲಾ ಹಾರಿ ಹೋಗುತ್ತೆ. ಹಂಗೇ ಕೈ ಅಗಲಿಸ್ಕೊಂಡು ಅಂಗಳಕ್ಕೆ ಬನ್ನಿ."

ಶಾಂಭವಿಯ ಬಾಯಿ ಮುಚ್ಚಿಸಬೇಕೆಂದು ಆ ಮನೆತನದಲ್ಲಿ ಎರಡು ತಲೆಮಾರು ಪ್ರಯತ್ನಪಟ್ಟು ಸೋತಿದ್ದವು. ಈಗ ಅದು ವೈಜ್ಞಾನಿಕ ಕಾರಣಗಳಿಗಾಗಿ ಮುಚ್ಚಿತು.

ಅಂಗಳದ ನಡುವೆ ಅವಳನ್ನು ನಿಲ್ಲಿಸುತ್ತಿದ್ದಂತೆ ಕಾಂಪೌಂಡಿನ ಮೇಲೆ ಬಂಗಾರಮ್ಮನ ತಲೆ ಮೂಡಿತು. "ಅಯ್ಯೋ ಶಿವನೇ! ಇವಳ ಮೈಮೇಲೇ ಬಂತಲ್ಲಪ್ಪೋ!" ಎಂದವರೇ ಕೈ ಮುಗಿದರು. (ಈ ಸಲ ಮಣ್ಣು ಕೊಡವಿಕೊಂಡದ್ದಲ್ಲ.) ಆಮೇಲೆ ಸ್ಟೂಲು ಉರುಳಿದ ಸದ್ದು ಮಾತ್ರ ಕೇಳಿತು.

ಅಷ್ಟರಲ್ಲಿ ಪ್ರಸನ್ನಕುಮಾರ್ ತಂತಿಯ ಜಾಡು ಹಿಡಿದು ಹೋಗಿ, ಕರಿಬೇವಿನ ಮರೆಯಲ್ಲಿ ನೇತಾಡುತ್ತಿದ್ದ ತುದಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದ. "ಅರ್ಥಿಂಗ್ ಕತ್ತರಿಸಿ ಹಾಲಿನ ಕವರ್ ಕಟ್ಟಿದಾರೆ ಉಮಾ! ಯಾರು ಮಾರಾಯ್ತಿ ಇದು?"

ಉಮಾಮಹೇಶ್ವರಿ ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆಯ ಕಣ್ಣು ಮುಚ್ಚಿತ್ತು. ಆದರೂ ಮುಚ್ಚಿದ ರೆಪ್ಪೆಯೊಳಗೆ ಗುಡ್ಡೆ ಪಕ್ಕಕ್ಕೆ ಸರಿದದ್ದು ಇಬ್ಬರಿಗೂ ಕಾಣಿಸಿತು.

ಪ್ರಸನ್ನಕುಮಾರ್ ತನ್ನೆದುರು ಕಣ್ಣು ಮುಚ್ಚಿ, ಬಾಯಿ ಮುಚ್ಚಿ, ಕೈ ಅಗಲಿಸಿ ನಿಂತ ಸಹಧರ್ಮಿಣಿಯನ್ನು ನೋಡಿದ. ಇಂಥ ಶಾಂತಿ ಅವನು ಕಚೇರಿಯಲ್ಲೂ ಕಂಡಿರಲಿಲ್ಲ. ನಿಧಾನವಾಗಿ ಅವನ ಬೆನ್ನು ನೆಟ್ಟಗಾಯಿತು. ಗಂಟಲು ಸರಿಮಾಡಿಕೊಂಡ.

"ಶಾಂಭವಿ, ಈ ಶೆಡ್ಡು ಇನ್ಮೇಲೆ ನಂದು. ಕಂಪ್ಯೂಟರ್ ಆದ್ಮೇಲೆ ಫ್ರಿಜ್ಜಿನ ಸ್ಟ್ಯಾಂಡು, ಗೇಟು, ಮಂಚ, ಒಂದೊಂದಾಗಿ ಹೊಡೀತೀನಿ. ಉಮಾ ಪ್ರತಿ ಭಾನುವಾರ ಬರ್ತಾಳೆ, ಊಟ ಇಲ್ಲೇ. ಹೋಳಿಗೆ ಮಾಡಿದ್ರೆ ಒಳ್ಳೇದು. ಇದಕ್ಕೆ ನಿನ್ನ ಆಕ್ಷೇಪಣೆ ಏನಾದ್ರೂ ಇದ್ರೆ ಈಗಲೇ ಹೇಳ್ಬೇಕು. ಆಮೇಲೆ ಬಂದದ್ದನ್ನ ಪರಿಗಣಿಸೋಕಾಗಲ್ಲ."

ಶಾಂಭವಿಯ ಕೆಂಪು ತುಟಿಗಳು ನಡುಗಿದವು. ಅವುಗಳ ಹಿಂದೆ ಎಂಥೆಂಥ ಮಾತುಗಳು ಸಾಲುಗಟ್ಟಿ ನಿಂತಿದ್ದವೆಂಬುದನ್ನು ಊಹಿಸಬಹುದು. ಸರಿಯಾಗಿ ಆಗಲೇ ಉಮಾಮಹೇಶ್ವರಿ ಬ್ಲೋವರನ್ನು ಮುಖಕ್ಕೆ ಹಿಡಿದಳು.

"ಬಾಯಿ ಬಿಡಬೇಡಿ ಅತ್ತಿಗೆ!"

ಪ್ರಸನ್ನಕುಮಾರ್ ಕೈಗಡಿಯಾರ ನೋಡುತ್ತ ನ್ಯಾಯಯುತವಾದಷ್ಟು ಹೊತ್ತು ಕಾದ.

"ನಿಗದಿತ ಅವಧಿಯಲ್ಲಿ ಯಾವುದೇ ಆಕ್ಷೇಪಣೆ ಸ್ವೀಕೃತವಾಗಿರುವುದಿಲ್ಲ," ಎಂದು ಘೋಷಿಸಿದ. ಆಮೇಲೆ ತಂಗಿಯ ಕೈಯಿಂದ ಬ್ಲೋವರ್ ತೆಗೆದುಕೊಂಡು, ಮದುವೆಯಾದ ಮೇಲೆ ಅದೇ ಮೊದಲ ಬಾರಿಗೆ ಹೆಂಡತಿಗೊಂದು ಆದೇಶ ಕೊಟ್ಟ.

"ಎಲ್ಲಿ, ಆ ಕಡೆ ತಿರುಗು."

ಶಾಂಭವಿ ತಿರುಗಿದಳು.